ಮಣಿಕಟ್ಟು ನೋಯುತ್ತಿದೆ. ಸಂಗೀತ ಕಛೇರಿ ಆಸೆ ಬಿಟ್ಟು ವೀಣೆ ಪಾಠ, ವೆಲ್‌ನೆಸ್ ಕಡೆ ಹೋಗಲಾ?

24 ವರ್ಷ, ವಿದ್ವತ್ ಪೂರ್ವ ಸಂಗೀತ ಪರೀಕ್ಷೆ ಆಗಿದೆ, ಎಡಗೈ ಮಣಿಕಟ್ಟು ನೋವು, ಮಾತ್ರೆ ತಗೊಂಡು ಸಾಧನೆ ನಡೀತಿದೆ, ವೆಲ್‌ನೆಸ್‌ಗೆ ಒಂದು ಆನ್‌ಲೈನ್ ಸರ್ಟಿಫಿಕೇಟ್ ಮಾಡೋ ಯೋಚನೆ ಇದೆ ಅಂತ ಬರೆದಿದ್ದೀರಿ. ನೀವು ಕೇಳಿರೋದು ಕೆರಿಯರ್ ಬಗ್ಗೆ. ನನ್ನ ಕಣ್ಣು ನಿಂತಿದ್ದು ಆ ಮಾತ್ರೆಯ ಮೇಲೆ.

ನಾನೂ ನುಂಗಿದ್ದೆ. ರೇಡಿಯೋ ಆಡಿಷನ್‌ಗೆ ಮೂರು ತಿಂಗಳಿತ್ತು. ದಿನಕ್ಕೆ ಎರಡು ಗಂಟೆ ಇದ್ದ ಸಾಧನೆಯನ್ನು ಒಂದೇ ವಾರದಲ್ಲಿ ಆರಕ್ಕೆ ಏರಿಸಿದೆ. ಅದೂ ಬರೀ ತೋಡಿ ರಾಗ. ನಮ್ಮ ಮೇಷ್ಟ್ರದ್ದು ಅಪ್ಪಟ ಮೈಸೂರು ಬಾನಿ, ಅಂದರೆ ಮೈಸೂರಿನ ನುಡಿಸುವ ಶೈಲಿ. ಬೆರಳು ಬಿಡಿಸಿ ನುಡಿಸಮ್ಮ, ಎಳೆತ ಹದವಾಗಿರಲಿ ಅನ್ನೋರು. ನನಗೋ ಹಾಡಿದ ಹಾಗೇ ಕೇಳಿಸಬೇಕು ಅನ್ನೋ ಹುಚ್ಚು. ವೀಣೆಯ ಒಂದೇ ಮೆಟ್ಟಿಲ ಮೇಲೆ ಸಾರಣಿ ಅನ್ನೋ ಮುಖ್ಯ ತಂತಿಯನ್ನು ಎಳೆದೂ ಎಳೆದೂ ಸ್ವರ ತೆಗೆಯುತ್ತಿದ್ದೆ. ಎಡಗೈ ವೀಣೆಯ ಉದ್ದನೆಯ ದಂಡಿಯ ಅಡಿಯಿಂದ ಬಂದು ಮೇಲಕ್ಕೆ ಬಾಗಿರುತ್ತದೆ, ನಿಮಗೆ ಗೊತ್ತೇ ಇದೆ. ಬಾಗಿದ ಮಣಿಕಟ್ಟಿನ ಮೇಲೇ ಬಲ ಹಾಕಿ ಎಳೆದರೆ ಏನಾಗಬೇಕೋ ಅದೇ ಆಯ್ತು.

ಆದರೆ ನನ್ನ ತಪ್ಪು ಅದಲ್ಲ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಜಾರಾದರೂ ಓದಿ. ಎಲ್ಲರೂ ‘ಜಾಸ್ತಿ ನುಡಿಸಿದ್ದಕ್ಕೆ ಹೀಗಾಯ್ತು’ ಅಂದುಕೊಳ್ತಾರೆ. ಜಾಸ್ತಿ ನುಡಿಸಿಯೂ ಚೆನ್ನಾಗಿರೋರು ಬೇಕಾದಷ್ಟು ಜನ ಇದ್ದಾರೆ. ನಾನು ಕೆಟ್ಟಿದ್ದು ಸಾಧನೆಗೆ ಕೂರುವ ಅರ್ಧ ಗಂಟೆ ಮುಂಚೆ ಮಾತ್ರೆ ತಗೊಂಡು. ಮೊದಲೆಲ್ಲ ನಲವತ್ತನೇ ನಿಮಿಷಕ್ಕೆ ಹೆಬ್ಬೆರಳಿನ ಬುಡದಲ್ಲಿ ಚಳುಕು ಬರುತ್ತಿತ್ತು, ವೀಣೆ ಕೆಳಗಿಡುತ್ತಿದ್ದೆ. ಮಾತ್ರೆ ಶುರುವಾದ ಮೇಲೆ ಆ ನಲವತ್ತನೇ ನಿಮಿಷವೇ ಕಾಣೆ. ಮೂರು ಗಂಟೆ ಎಳೆದರೂ ಕೈ ಹಗುರ. ನಾನೇನೋ ವಾಸಿಯಾಯ್ತು ಅಂದುಕೊಂಡೆ. ರಾತ್ರಿ ಹಾಲಿನ ಪಾತ್ರೆ ಎತ್ತಲು ಹೋದರೆ ಕೈ ಸೋತು ಒಲೆ ತುಂಬ ಹಾಲು. ಮಾರನೇ ದಿನ ಏನು ಮಾಡಿದೆ? ಎರಡು ಮಾತ್ರೆ ತಗೊಂಡೆ.

ಮೇಷ್ಟ್ರಿಗೆ ಗೊತ್ತಾಗಿತ್ತು. ‘ಎಡಗೈ ಯಾಕಮ್ಮ ಬಿಗಿ ಮಾಡ್ತೀಯ?’ ಅಂದರು. ‘ಚಳಿಗೆ, ಸಾರ್’ ಅಂದೆ. ಏಪ್ರಿಲ್ ತಿಂಗಳು, ಮೈಸೂರು! ಅವತ್ತು ನಿಜ ಹೇಳಿದ್ದರೆ ಎರಡು ವಾರ ರಜದಲ್ಲಿ ಮುಗೀತಿತ್ತೋ ಏನೋ.

ಆಡಿಷನ್ ದಿನ ತಂತಿ ಗಾಂಧಾರದಲ್ಲೇ ನಿಂತುಬಿಟ್ಟಿತು. ಎಷ್ಟು ಎಳೆದರೂ ಮಧ್ಯಮ ಬರಲಿಲ್ಲ. ಬೆರಳು ಇದೆ, ಬಲ ಇಲ್ಲ. ರೇಡಿಯೋ ಕಲಾವಿದೆಯ ಗ್ರೇಡ್ ಸಿಗಲಿಲ್ಲ, ಸಿಗಬೇಕಾದ್ದೂ ಅಲ್ಲ. ಡಾಕ್ಟರು ಟೆಂಡನ್ ಊದಿದೆ ಅಂದರು. ಎಂಟು ತಿಂಗಳು ಎಡಗೈ ವೀಣೆ ಮುಟ್ಟಲಿಲ್ಲ.

ಆ ಎಂಟು ತಿಂಗಳು ಪಾಠ ಮಾಡಿದೆ, ಬೇರೆ ದಾರಿ ಇರಲಿಲ್ಲ. ಮಕ್ಕಳ ಎದುರು ಕೂತು ಬಲಗೈಯಲ್ಲಿ ಮೀಟು, ಕಿರುಬೆರಳಿನಲ್ಲಿ ತಾಳದ ತಂತಿ, ಉಳಿದದ್ದು ಬಾಯಲ್ಲಿ ಹಾಡಿ ತೋರಿಸೋದು. ವೀಣೆ ನುಡಿಸೋರನ್ನ ಎದುರಿನಿಂದ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಒಬ್ಬಳು ಹುಡುಗಿಯ ಎಡ ಮಂಡಿ ನೆಲದಿಂದ ಒಂದು ಗೇಣು ಮೇಲೆ. ವೀಣೆಯ ಸೋರೆ ಬುರುಡೆ ತೊಡೆಯ ಮೇಲೆ ಜಾರುತ್ತಿದೆ, ಜಾರದ ಹಾಗೆ ಎಡಗೈಯಲ್ಲೇ ದಂಡಿ ಹಿಡಿದಿದ್ದಾಳೆ, ಅದೇ ಕೈಯಲ್ಲಿ ನುಡಿಸಲೂ ಬೇಕು. ಜಮಖಾನ ಮಡಿಸಿ ಕೂರುವ ಜಾಗಕ್ಕೆ ಹಾಕಿದೆ. ಮಂಡಿ ಇಳಿಯಿತು, ಕೈಯ ಬಿಗಿ ಬಿಟ್ಟಿತು. ನಾನೂ ಹಾಗೇ ಕೂರುತ್ತಿದ್ದೆ, ಹದಿನೈದು ವರ್ಷ!

ನಮ್ಮೂರಿನ ತಮಾಷೆ ನೋಡಿ. ಮೈಸೂರು ಅಂದರೆ ಅರಮನೆಯ ಆಸ್ಥಾನ ವಿದ್ವಾಂಸರಾಗಿದ್ದ ವೀಣೆ ಶೇಷಣ್ಣನವರ ಊರು. ಅವರು ತೀರಿಕೊಂಡದ್ದು 1926ರಲ್ಲಿ. 1933ರಲ್ಲಿ ಅದೇ ಅರಮನೆಯ ಆಶ್ರಯದಲ್ಲಿ, ಜಗನ್ಮೋಹನ ಅರಮನೆಯಲ್ಲಿ, ಯೋಗಗುರು ಕೃಷ್ಣಮಾಚಾರ್ಯರ ಯೋಗಶಾಲೆ ಶುರುವಾಯ್ತು. ಇಲ್ಲಿನ ಗೋಕುಲಂ ಬಡಾವಣೆಗೆ ಹೊರದೇಶದಿಂದ ಜನ ಬಂದು ಯೋಗ ಕಲೀತಾರೆ. ನಾನು ಕಲಿತ ವೀಣೆ ಪಾಠದಲ್ಲಿ ಮಾತ್ರ ಮೈ ಬಗ್ಗೆ ಒಂದು ಮಾತಿರಲಿಲ್ಲ. ಈಗ ನನ್ನ ಕ್ಲಾಸಿನಲ್ಲಿ ಮೊದಲ ಹತ್ತು ನಿಮಿಷ ಭುಜ, ಮಣಿಕಟ್ಟು, ಉಸಿರು. ಇಪ್ಪತ್ತೈದು ನಿಮಿಷಕ್ಕೆ ಎಲ್ಲರೂ ಏಳಬೇಕು. ಭಾನುವಾರ ಮಂಡ್ಯದಲ್ಲಿ ಪಾಠ ಇದೆ. ಅಲ್ಲಿ ಒಬ್ಬರು ತಂದೆ ‘ಮೇಡಂ, ಫೀಸು ಕೊಟ್ಟಿರೋದು ವೀಣೆಗಾ, ಡ್ರಿಲ್‌ಗಾ?’ ಅಂತ ಕೇಳಿದ್ದರು. ಅವರ ಮಗಳು ಈಗ ಸೀನಿಯರ್ ಸಂಗೀತ ಪರೀಕ್ಷೆಗೆ ಕಟ್ಟಿದ್ದಾಳೆ.

ಅದಕ್ಕೇ ಕಛೇರಿಯೋ, ಪಾಠವೋ, ವೆಲ್‌ನೆಸ್ಸೋ ಅನ್ನೋ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಕೈ ನೋವಿಗೆ ಹೆದರಿ ಪಾಠಕ್ಕೆ ಬಂದರೆ ನಿಮ್ಮ ಬಿಗಿ ಕೈಯನ್ನೇ ಮಕ್ಕಳಿಗೆ ಕಲಿಸ್ತೀರಿ. ಇನ್ನು ಆ ಆನ್‌ಲೈನ್ ಸರ್ಟಿಫಿಕೇಟ್ ತಗೊಂಡು ‘ಈ ರಾಗ ಕೇಳಿದರೆ ಬಿಪಿ ಇಳಿಯುತ್ತೆ’ ಅಂತ ಬೋರ್ಡ್ ಮಾತ್ರ ಹಾಕಬೇಡಿ, ದಯವಿಟ್ಟು. ನಿಮ್ಮ ಮಣಿಕಟ್ಟಿನ ನೋವೇ ಇಳಿದಿಲ್ಲ.

ಈ ವಾರ ಡಾಕ್ಟರ ಹತ್ತಿರ ಹೋಗಿ. ವೀಣೆ ಹಿಡಿದು ಕೂತಿರೋ ಫೋಟೋ ಒಂದು ಪಕ್ಕದಿಂದ, ಒಂದು ಎದುರಿನಿಂದ ತೆಗೆಸಿಕೊಂಡು ಹೋಗಿ, ಸುಮ್ನೆ ‘ಕೈ ನೋವು’ ಅಂದರೆ ಅವರಿಗೆ ಗೊತ್ತಾಗಲ್ಲ. ಅದಕ್ಕೂ ಮುಂಚೆ ನಿಮ್ಮ ಗುರುಗಳಿಗೆ ಹೇಳಿ. ಇವತ್ತೇ ಫೋನ್ ಮಾಡಿ. ಚಳಿ ಅನ್ನಬೇಡಿ.