ಕಡಲಿಂದ ಎದ್ದ ದಿನವೇ ಘಾಟಿ ಹತ್ತಬೇಡಿ

ಓದುಗರ ಪ್ರಶ್ನೆಗೆ ಡೈವಿಂಗ್ ತರಬೇತುದಾರರ ಉತ್ತರ

ಪ್ರಶ್ನೆ: ನಾವು ಸುಂಟಿಕೊಪ್ಪ ಹತ್ತಿರದ ಕಾಫಿ ಬೆಳೆಗಾರರು. ಕೊಯ್ಲು, ಹೂಮಳೆ ಎಲ್ಲ ಮುಗಿದ ಮೇಲೆ ಏಪ್ರಿಲ್ ಕೊನೆಗೆ ಎಂಟು ದಿನ ಬಾಲಿಗೆ ಹೊರಟಿದ್ದೇವೆ. ನಾನು, ಹೆಂಡತಿ, 13 ವರ್ಷದ ಮಗ. ಯಾರೂ ಹಿಂದೆ ಡೈವ್ ಮಾಡಿಲ್ಲ. ಮೊದಲು ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಒಂದು ಸಲ ಇಳಿದು ನೋಡಿ ಅವತ್ತೇ ಮನೆಗೆ ಬಂದುಬಿಡೋಣ ಅಂತಿದ್ದೇವೆ. ಬಾಲಿಯಲ್ಲಿ ತುಲಂಬೆನ್ ಕಡಲಲ್ಲಿ ಡೈವಿಂಗ್ ಮಾಡಿ, ಕೊನೇ ದಿನ ಬಾತೂರ್ ಜ್ವಾಲಾಮುಖಿ ಹತ್ತಿ ಸೂರ್ಯೋದಯ ನೋಡಿ, ರಾತ್ರಿ ವಿಮಾನ ಹಿಡಿಯುವ ಪ್ಲಾನ್. ಸರಿ ಇದೆಯಾ?

ಉತ್ತರ: ಜಾಗ ಸರಿ, ತಿಂಗಳೂ ಸರಿ. ಏಪ್ರಿಲ್ ಹೊತ್ತಿಗೆ ಬಾಲಿಯ ಮಳೆಗಾಲ ಮುಗಿಯುತ್ತಾ ಬಂದಿರುತ್ತದೆ, ಮಗನಿಗೂ ರಜೆ. ಕ್ರಮ ಮಾತ್ರ ತಲೆಕೆಳಗಾಗಿದೆ. ಬೆಟ್ಟ ಮೊದಲು, ಕಡಲು ಆಮೇಲೆ. ಕೊಡಗಿನವರಿಗೆ ಈ ಮಾತು ಬಾಲಿಯಲ್ಲಷ್ಟೇ ಅಲ್ಲ, ನೇತ್ರಾಣಿಯಿಂದ ಮನೆಗೆ ಬರುವಾಗಲೂ ಅನ್ವಯಿಸುತ್ತದೆ.

ಕಾರಣ ಹೇಳುತ್ತೇನೆ. ನೀರೊಳಗೆ ಪ್ರತಿ 10 ಮೀಟರ್‌ಗೂ ಒಂದು ವಾತಾವರಣದಷ್ಟು ಒತ್ತಡ ಜಾಸ್ತಿಯಾಗುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ರಕ್ತದಲ್ಲಿ, ಕೊಬ್ಬಿನಲ್ಲಿ ಕರಗಿ ಕೂರುತ್ತದೆ. ಮೇಲೆ ಬಂದ ಮೇಲೂ ಅದು ಪೂರ್ತಿ ಹೊರಗೆ ಹೋಗಲು ಗಂಟೆಗಟ್ಟಲೆ ಬೇಕು. ಅಷ್ಟರಲ್ಲೇ ನೀವು ಎತ್ತರಕ್ಕೆ ಹೋದರೆ ಸುತ್ತಲಿನ ಗಾಳಿಯ ಒತ್ತಡ ಇಳಿಯುತ್ತದೆ, ಒಳಗಿರುವುದು ಗುಳ್ಳೆಗಟ್ಟಬಹುದು. ಮಂಗಳೂರಲ್ಲಿ ತಗೊಂಡ ಚಿಪ್ಸ್ ಪ್ಯಾಕೆಟ್ ಮಡಿಕೇರಿ ತಲುಪುವಷ್ಟರಲ್ಲಿ ಉಬ್ಬಿಕೊಂಡಿರುತ್ತದಲ್ವಾ? ಅದೇ ಒತ್ತಡದ ವ್ಯತ್ಯಾಸ. ಮೈಯೊಳಗೆ ಹಾಗೆ ಗುಳ್ಳೆಗಟ್ಟಿದ್ದರ ಲಕ್ಷಣಗಳು ಗಂಟು ನೋವು, ಜುಮುಜುಮು, ವಿಪರೀತ ಸುಸ್ತು. ಹಾಗೇನಾದರೂ ಆದರೆ ಶುದ್ಧ ಆಕ್ಸಿಜನ್ ಕೊಡಬೇಕು, ಒತ್ತಡದ ಕೋಣೆ ಇರುವ ಆಸ್ಪತ್ರೆಗೆ ಸೇರಿಸಬೇಕು. ಬಾಲಿಯಲ್ಲಿ ಅಂಥ ಕೋಣೆ ದೆನ್‌ಪಸಾರ್‌ನಲ್ಲಿದೆ.

ವಿಮಾನ ಹತ್ತುವ ಮೊದಲು ಎಷ್ಟು ಕಾಯಬೇಕು ಅನ್ನುವುದಕ್ಕೆ ಡೈವರ್‌ಗಳ ಸುರಕ್ಷತಾ ಸಂಸ್ಥೆಯಾದ ‘ಡಾನ್’ ಲೆಕ್ಕ ಕೊಟ್ಟಿದೆ. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ದಿನಕ್ಕೆ ಎರಡು ಮೂರರಂತೆ ಹಲವು ಡೈವ್ ಆದರೆ ಕನಿಷ್ಠ 18 ಗಂಟೆ. ನಾನು ಕೊನೇ ಡೈವ್‌ಗೂ ವಿಮಾನಕ್ಕೂ ನಡುವೆ 24 ಗಂಟೆ ಇಟ್ಟುಬಿಡಿ ಅಂತಲೇ ಹೇಳುವುದು. ಸುಮಾರು 600 ಮೀಟರ್‌ಗಿಂತ ಎತ್ತರದ ಜಾಗಕ್ಕೆ ರಸ್ತೆಯಲ್ಲಿ ಹೋಗುವಾಗಲೂ ಇದೇ ಎಚ್ಚರ ಬೇಕು. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಕುಶಾಲನಗರ ಕೂಡ 800 ಮೀಟರ್ ದಾಟುತ್ತದೆ. ಹಾಗಾಗಿ ಬೆಳಿಗ್ಗೆ ನೇತ್ರಾಣಿಯಲ್ಲಿ ಡೈವ್, ರಾತ್ರಿಗೆ ಸಂಪಾಜೆ ಘಾಟಿ, ಇದು ಬೇಡ. ಮೊದಲ ಸಲದವರನ್ನು ಹೇಗೂ 12 ಮೀಟರ್‌ಗಿಂತ ಆಳಕ್ಕೆ ಇಳಿಸುವುದಿಲ್ಲ, ಅಪಾಯ ಕಡಿಮೆ ನಿಜ. ಆದರೂ ಮುರುಡೇಶ್ವರದಲ್ಲೋ ಮಂಗಳೂರಲ್ಲೋ ರಾತ್ರಿ ಕಳೆದು, ಮೀನೂಟ ಮಾಡಿ, ಮರುದಿನ ಬನ್ನಿ. ಕಳೆದುಕೊಳ್ಳುವುದೇನೂ ಇಲ್ಲ.

ಬಾಲಿಯಲ್ಲಿ ಬಾತೂರ್ ತುದಿ 1,717 ಮೀಟರ್. ಅದನ್ನು ಎರಡನೇ ದಿನವೇ ಹತ್ತಿ ಮುಗಿಸಿ ಆಮೇಲೆ ತುಲಂಬೆನ್‌ಗೆ ಇಳಿಯಿರಿ. ವಾಪಸ್ ಬರುವಾಗ ಡ್ರೈವರ್‌ಗೆ ಮೊದಲೇ ಹೇಳಿ, ಅಮ್ಲಾಪುರದ ಮೇಲೆ ಕರಾವಳಿ ರಸ್ತೆಯಲ್ಲೇ ಹೋಗಲಿ. ಕಿಂತಾಮಣಿ ಕಡೆಯಿಂದ ಹೋದರೆ 1,500 ಮೀಟರ್ ಹತ್ತಿ ಇಳಿಯಬೇಕಾಗುತ್ತದೆ. (ನಮ್ಮ ಚಿಂತಾಮಣಿ ಅಲ್ಲ!) ಟೂರ್ ಏಜೆಂಟರು ಕೊನೇ ‘ವಿಶ್ರಾಂತಿ ದಿನ’ಕ್ಕೆ ಬೆಸಾಕಿಹ್ ದೇವಸ್ಥಾನ ತುರುಕುವುದುಂಟು. ಅದೂ ಎತ್ತರದಲ್ಲಿ, ಆಗುಂಗ್ ಜ್ವಾಲಾಮುಖಿ ಬೆಟ್ಟದ ಮೈಮೇಲೆಯೇ ಇದೆ. ಬದಲಿಗೆ ಕೆಳಗಿರುವ ತಿರ್ತಾ ಗಂಗಾ ಕೊಳಗಳನ್ನು ನೋಡಿ.

ಈಗ ಕಡಲಿನ ವಿಷಯ. ತುಲಂಬೆನ್ ದಡದಲ್ಲಿ ಬಿಳಿ ಮರಳು ಹುಡುಕಬೇಡಿ. ಎಲ್ಲ ಆಗುಂಗ್ ಉಗುಳಿದ್ದೇ: ಕಪ್ಪು ಮರಳು, ಉರುಟು ಕಪ್ಪು ಕಲ್ಲು. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಆ ಕಲ್ಲುಗಳ ಮೇಲೆ ನಡೆಯುವುದೇ ಅರ್ಧ ಕೆಲಸ, ಅಟ್ಟೆ ದಪ್ಪಗಿರುವ ಬೂಟು ಬೇಕೇ ಬೇಕು. ಅಲ್ಲಿನ ಹೆಂಗಸರು ಅದೇ ಸಿಲಿಂಡರನ್ನು ತಲೆ ಮೇಲಿಟ್ಟು ಸಲೀಸಾಗಿ ನಡೆದು ಹೋಗುತ್ತಾರೆ, ನೋಡಿದರೆ ನಮಗೇ ನಾಚಿಕೆಯಾಗಬೇಕು. ನೀರಿಗಿಳಿದು ಸ್ವಲ್ಪ ದೂರಕ್ಕೇ ಲಿಬರ್ಟಿ ಅನ್ನುವ ಅಮೆರಿಕದ ಸರಕು ಹಡಗು ಸಿಗುತ್ತದೆ. 1942ರ ಜನವರಿಯಲ್ಲಿ ಜಪಾನಿನ ಜಲಾಂತರ್ಗಾಮಿ ಅದಕ್ಕೆ ಟಾರ್ಪೆಡೊ ಹೊಡೆಯಿತು. ಎಳೆದು ತಂದು ದಡ ಹತ್ತಿಸಿದರು. 1963ರಲ್ಲಿ ಆಗುಂಗ್ ಸಿಡಿದಾಗ ನೆಲ ನಡುಗಿ ಮತ್ತೆ ನೀರಿಗೆ ಜಾರಿತು. ಈಗ 5 ಮೀಟರ್‌ನಿಂದ ಸುಮಾರು 30 ಮೀಟರ್‌ವರೆಗೆ ಮಲಗಿಕೊಂಡಿದೆ, ಮೈಯೆಲ್ಲ ಹವಳ. ಹೊಸಬರಿಗೂ ನೋಡಲು ಬೇಕಾದಷ್ಟಿದೆ. ದಕ್ಷಿಣ ಬಾಲಿಯಿಂದ ಡೈವರ್‌ಗಳ ವ್ಯಾನುಗಳು ಬರುವ ಮೊದಲೇ, ಬೆಳಕು ಹರಿಯುವಾಗ ಇಳಿಯಿರಿ. ಅದಕ್ಕಾಗಿ ತುಲಂಬೆನ್‌ನಲ್ಲೇ ಉಳಿದುಕೊಳ್ಳಿ.

ಸುಮ್ನೆ ಒಂದು ಪ್ರಯೋಗದ ಡೈವ್‌ಗೆ ಇಷ್ಟು ದೂರ ಹೋಗುವ ಬದಲು ಡೈವಿಂಗ್ ಕಲಿಕೆಯ ಮೊದಲ ಹಂತವಾದ ‘ಓಪನ್ ವಾಟರ್’ ಕೋರ್ಸನ್ನೇ ಮಾಡಿ. ಪಾಠವನ್ನು ಮನೆಯಲ್ಲೇ ಆನ್‌ಲೈನ್‌ನಲ್ಲಿ ಮುಗಿಸಿದರೆ ಅಲ್ಲಿ ಮೂರು ದಿನ ಸಾಕು, ಆಮೇಲೆ 18 ಮೀಟರ್‌ವರೆಗೆ ಇಳಿಯಬಹುದು. ಮಗನಿಗೆ ಜೂನಿಯರ್ ಸರ್ಟಿಫಿಕೇಟ್ ಸಿಗುತ್ತದೆ, ಜೊತೆಗೆ ದೊಡ್ಡವರು ಇರಲೇಬೇಕು. 200 ಮೀಟರ್ ಈಜು, ಹತ್ತು ನಿಮಿಷ ತೇಲುವುದು ಪರೀಕ್ಷೆಯಲ್ಲಿರುತ್ತದೆ, ಈಗಿಂದಲೇ ಅಭ್ಯಾಸ ಮಾಡಿ. ಆರೋಗ್ಯದ ಫಾರಂನಲ್ಲಿ ಆಸ್ತಮಾ, ಹೃದಯ, ಕಿವಿ ಆಪರೇಷನ್ ಹೀಗೆ ಯಾವುದಕ್ಕಾದರೂ ‘ಹೌದು’ ಅಂತ ಬರೆಯಬೇಕಾದರೆ ಡಾಕ್ಟರ ಸಹಿ ಬೇಕಾಗುತ್ತದೆ. ಮಡಿಕೇರಿಯಲ್ಲೇ ಹಾಕಿಸಿಕೊಳ್ಳಿ. ಅಲ್ಲಿಗೆ ಹೋಗಿ ಡಾಕ್ಟರನ್ನು ಹುಡುಕುತ್ತಾ ಕೂತರೆ ಒಂದು ದಿನ ಹಾಳು.

ಕಿವಿಯ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಘಾಟಿ ಇಳಿಯುವಾಗ ಕಿವಿ ಕಟ್ಟುವುದು ಗೊತ್ತೇ ಇದೆ. ಆದರೆ ಮಡಿಕೇರಿಯಿಂದ ಸಂಪಾಜೆವರೆಗೆ ಇಳಿದರೆ ಎಷ್ಟು ಒತ್ತಡ ಏರುತ್ತದೋ, ನೀರಿನಲ್ಲಿ ಸುಮಾರು ಒಂದು ಮೀಟರ್ ಇಳಿದರೆ ಅಷ್ಟು ಏರಿಬಿಡುತ್ತದೆ. ನೋವು ಶುರುವಾಗುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಊದುತ್ತಾ ಇಳಿಯಬೇಕು. ನೆಗಡಿ ಇದ್ದರೆ ಆ ದಿನ ನೀರಿಗೇ ಇಳಿಯಬೇಡಿ, ಎಷ್ಟೇ ದುಡ್ಡು ಕಟ್ಟಿದ್ದರೂ.

ಪ್ರಶ್ನೆ: ಜ್ವಾಲಾಮುಖಿ ದ್ವೀಪಕ್ಕೆ ಬಾಲಿಗೇ ಹೋಗಬೇಕಾ? ಮಲ್ಪೆಯ ಸೇಂಟ್ ಮೇರೀಸ್ ಇದೆ, ಅಂಡಮಾನಿನ ಬ್ಯಾರೆನ್ ದ್ವೀಪ ಇದೆ. — ವಿರಾಜಪೇಟೆಯ ಓದುಗರು

ಉತ್ತರ: ಸೇಂಟ್ ಮೇರೀಸ್ ನಿಜಕ್ಕೂ ಲಾವಾ ಕಲ್ಲೇ. ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ್ದು, ಸುಮಾರು 8.8 ಕೋಟಿ ವರ್ಷ ಹಳೆಯದು. ಕಂಬ ಕಂಬವಾಗಿ ನಿಂತ ಬಂಡೆ ನೋಡಲು ಹೋಗಿ. ಡೈವಿಂಗ್‌ಗೆ ಬೇಡ, ದಡಕ್ಕೆ ಹತ್ತಿರವಾದ್ದರಿಂದ ನೀರು ಕಲಕು. ಬ್ಯಾರೆನ್ ಪೋರ್ಟ್ ಬ್ಲೇರ್‌ನಿಂದ (ಈಗಿನ ಹೆಸರು ಶ್ರೀ ವಿಜಯ ಪುರಂ) ಸುಮಾರು 140 ಕಿ.ಮೀ. ದೂರ. 1991ರಲ್ಲಿ ಮತ್ತೆ ಎದ್ದು, ಆಮೇಲೆ ಆಗಾಗ ಉಗುಳುತ್ತಲೇ ಇದೆ. ದ್ವೀಪದ ಮೇಲೆ ಕಾಲಿಡುವಂತಿಲ್ಲ. ಸುತ್ತ ಡೈವ್ ಮಾಡಲು ಪರವಾನಗಿ ಬೇಕು, ಹಡಗಿನಲ್ಲೇ ಉಳಿಯಬೇಕು, ದಡ ನೇರವಾಗಿ ಆಳಕ್ಕೆ ಇಳಿಯುತ್ತದೆ. ಕಲಿಯುವವರ ಜಾಗ ಅಲ್ಲವೇ ಅಲ್ಲ. ಮೇಲಾಗಿ ಅಲ್ಲಿನ ಒಳ್ಳೇ ತಿಂಗಳುಗಳು ನಿಮ್ಮ ಕಾಫಿ ಕೊಯ್ಲಿನ ಮೇಲೇ ಬಂದು ಕೂರುತ್ತವೆ.

ಪ್ರಶ್ನೆ: ಟಿಕೆಟ್ ಮಾಡಿದ ಮೇಲೆ ಜ್ವಾಲಾಮುಖಿ ಸಿಡಿದರೆ? — ಸೋಮವಾರಪೇಟೆಯ ಓದುಗರು

ಉತ್ತರ: ಹೆಚ್ಚಿನವರಿಗೆ ಕಾಟ ಕೊಡುವುದು ಲಾವಾ ಅಲ್ಲ, ಬೂದಿ. ಅದು ವಿಮಾನದ ಎಂಜಿನ್‌ಗೆ ಆಗಿಬರುವುದಿಲ್ಲ. 2017ರ ನವೆಂಬರ್‌ನಲ್ಲಿ ಆಗುಂಗ್‌ನಿಂದಾಗಿ ಬಾಲಿ ವಿಮಾನ ನಿಲ್ದಾಣ ಮುಚ್ಚಿತು. 2024ರ ನವೆಂಬರ್‌ನಲ್ಲಿ ಬೇರೆಯೇ ದ್ವೀಪವಾದ ಫ್ಲೋರೆಸ್‌ನ ಲೆವೊತೊಬಿ ಸಿಡಿದು ಬಾಲಿಯ ವಿಮಾನಗಳು ರದ್ದಾದವು. ಇಂಡೊನೇಷ್ಯಾದಲ್ಲಿ ಎಚ್ಚರಿಕೆಗೆ ನಾಲ್ಕು ಹಂತಗಳಿವೆ. ಮೂರಕ್ಕೇರಿದರೆ ಆ ಬೆಟ್ಟದ ಕಡೆ ಹೋಗುವ ಯೋಚನೆ ಬಿಡಿ. ಪ್ರಯಾಣ ವಿಮೆಯನ್ನು ಟಿಕೆಟ್ ಮಾಡಿದ ದಿನವೇ ಕೊಳ್ಳಿ, ಬೆಟ್ಟ ಹೊಗೆಯಾಡಲು ಶುರುವಾದ ಮೇಲೆ ಕೊಂಡರೆ ಆ ಘಟನೆಗೆ ಹಣ ಸಿಗುವುದು ಕಷ್ಟ. ಪಾಲಿಸಿಯಲ್ಲಿ ಸ್ಕೂಬಾ ಸೇರಿದೆಯೇ, ಎಷ್ಟು ಮೀಟರ್‌ವರೆಗೆ ಅಂತಲೂ ಓದಿ ನೋಡಿ. ಹಿಂತಿರುಗಿದ ಮರುದಿನವೇ ತೋಟದಲ್ಲಿ ತುರ್ತು ಕೆಲಸ ಇಟ್ಟುಕೊಳ್ಳಬೇಡಿ, ಎರಡು ದಿನ ಕೈಯಲ್ಲಿರಲಿ.