ಕನ್ನಡದ ಒಂದು ‘ಇಂದ’, ಪರ್ಷಿಯನ್‌ನ ಎರಡು ಪದ

ಪ್ರಶ್ನೆ: ಆರು ತಿಂಗಳಿಂದ ಪರ್ಷಿಯನ್ ಕಲಿಯುತ್ತಿದ್ದೇನೆ. ಲಿಪಿ ಕೈಗೆ ಹತ್ತಿತು. ಆದರೆ ನಾಮಪದಕ್ಕಿಂತ ಮೊದಲು ಬರುವ ‘ಅಜ್’, ‘ಬಾ’, ‘ಬೆ’ ಎಂಬ ಪುಟ್ಟ ಪದಗಳಲ್ಲಿ ದಿನವೂ ತಪ್ಪುತ್ತೇನೆ. ‘ಅಜ್’ ಎಂದರೆ ‘ಇಂದ’ ಎನ್ನುತ್ತದೆ ನಿಘಂಟು. ಆದರೆ ‘ಚಾಕುವಿನಿಂದ ಕೊಯ್ದೆ’ ಎನ್ನಲು ‘ಅಜ್ ಚಾಕೂ’ ಎಂದು ಬರೆದರೆ ತಪ್ಪಂತೆ. ‘ಬೆ ನಾಮೆ ಖೊದಾ’ ಎಂಬುದನ್ನು ‘ಹೆಸರಿಲ್ಲದ ದೇವರು’ ಎಂದುಕೊಂಡಿದ್ದೆ. ನಾವು ಬೇಷರತ್, ಬೇಜವಾಬ್ದಾರಿ ಎನ್ನುತ್ತೇವಲ್ಲ? ನಾನು ಎಡವುತ್ತಿರುವುದು ಎಲ್ಲಿ?
— ಓದುಗರೊಬ್ಬರು, ಕಲಬುರಗಿ

ಉತ್ತರ: ದೇವರ ಹೆಸರಿನಿಂದಲೇ ಶುರುಮಾಡೋಣ. ‘ಬೆ ನಾಮೆ ಖೊದಾ’ ಎಂದರೆ ‘ದೇವರ ಹೆಸರಿನಲ್ಲಿ’. ಬೇಷರತ್‌ನ ‘ಬೇ’ ಬೇರೆಯೇ ಪದ. ‘ಇಲ್ಲದೆ’ ಎಂಬ ಅರ್ಥದ ಆ ಪದವನ್ನು ಇಂದಿನ ಇರಾನಿನಲ್ಲಿ ‘ಬೀ’ ಎನ್ನುತ್ತಾರೆ. ಹಿಂದೆ ಅಲ್ಲೂ ‘ಬೇ’ ಎಂದೇ ಇತ್ತು. ಇರಾನು ಬಿಟ್ಟುಕೊಟ್ಟ ಆ ಹಳೆಯ ಸ್ವರ ಭಾರತದ ಪರ್ಷಿಯನ್‌ನಲ್ಲಿ ಉಳಿಯಿತು, ಅಲ್ಲಿಂದ ನಮ್ಮ ಮಾತಿಗೂ ಬಂತು. ‘ಗೆ’, ‘ಕಡೆಗೆ’ ಎಂಬ ಅರ್ಥದ ‘ಬೆ’ ಹಿಂದೆ ‘ಬ’ ಆಗಿತ್ತು. ನಮ್ಮ ಕಚೇರಿ ಕನ್ನಡದ ‘ಬಹಾಲ್’ನಲ್ಲಿ ಇರುವುದು ಅದೇ ‘ಬ’. ಕಿವಿಗೆ ಗೊಂದಲವಾದರೂ ಕಣ್ಣಿಗೆ ಆಗಬಾರದು: ‘ಬೀ’ ಪದದ ಕೊನೆಗೆ ‘ಯೆ’ ಅಕ್ಷರವಿದೆ, ‘ಬೆ’ ಪದದ ಕೊನೆಗೆ ‘ಹೆ’ ಇದೆ.

ಇನ್ನು ಚಾಕುವಿನ ವಿಷಯ. ನನ್ನ ಪ್ರಕಾರ ಕನ್ನಡಿಗರು ಪರ್ಷಿಯನ್ ಕಲಿಯುವಾಗ ಅತಿ ಹೆಚ್ಚು ಮುಗ್ಗರಿಸುವುದು ಇಲ್ಲಿಯೇ, ಯಾಕೆಂದರೆ ನಮ್ಮ ‘ಇಂದ’ ಬಹಳ ಕೆಲಸ ಮಾಡುತ್ತದೆ. ಊರಿನಿಂದ ಬಂದೆ, ಬೆಳಗ್ಗಿನಿಂದ ಕಾದೆ, ಸಂತೋಷದಿಂದ ಅತ್ತಳು, ಚಾಕುವಿನಿಂದ ಕೊಯ್ದೆ, ಎಚ್ಚರಿಕೆಯಿಂದ ಓದಿದೆ: ಎಲ್ಲಕ್ಕೂ ಒಂದೇ ಪ್ರತ್ಯಯ ಸಾಕು. ಪರ್ಷಿಯನ್ ಇದನ್ನು ಎರಡಾಗಿ ಒಡೆಯುತ್ತದೆ. ಹೊರಟ ಜಾಗ, ಹೊರಟ ಹೊತ್ತು, ಹುಟ್ಟಿಸಿದ ಕಾರಣ ಇವಕ್ಕೆ ‘ಅಜ್’: ‘ಅಜ್ ತೆಹ್ರಾನ್’, ‘ಅಜ್ ಸೊಬ್ಹ್’, ‘ಅಜ್ ಖೊಶ್‌ಹಾಲೀ’. ಕೈಯಲ್ಲಿದ್ದ ಸಾಧನ, ಕೆಲಸ ಮಾಡಿದ ರೀತಿ ಇವಕ್ಕೆ ‘ಬಾ’, ಅಂದರೆ ‘ಜೊತೆಗೆ’: ‘ಬಾ ಚಾಕೂ’, ‘ಬಾ ದೆಕ್ಕತ್’. ನಾವು ಬಸ್ಸಿನಲ್ಲಿ ಬಂದರೆ ಅವರು ‘ಬಾ ಒತೊಬೂಸ್’, ಬಸ್ಸಿನ ಜೊತೆ, ಬರುತ್ತಾರೆ. ಬಾಯಿಗೆ ‘ಇಂದ’ ಬಂದಾಗ ಅರೆಗಳಿಗೆ ನಿಂತು ಕೇಳಿಕೊಳ್ಳಿ: ಇದು ಹೊರಟ ಮೂಲವೋ, ಕೈಯಲ್ಲಿದ್ದ ಸಾಧನವೋ?

ಈ ಪ್ರಶ್ನೆಯಿಂದ ಎಲ್ಲವೂ ಬಗೆಹರಿಯುವುದಿಲ್ಲ, ಏಕೆಂದರೆ ಕೆಲವು ಕ್ರಿಯಾಪದಗಳು ತಮಗೆ ಬೇಕಾದ ಪದವನ್ನು ಹಟಹಿಡಿದು ಕೇಳುತ್ತವೆ. ನಾವು ನಾಯಿಗೆ ಹೆದರುತ್ತೇವೆ. ಪರ್ಷಿಯನ್‌ನಲ್ಲಿ ನಾಯಿಯಿಂದ ಹೆದರಬೇಕು, ‘ಅಜ್ ಸಗ್ ಮೀತರ್ಸಮ್’. ನಾವು ಮೇಷ್ಟರನ್ನು ಕೇಳಿದರೆ ಅವರು ಮೇಷ್ಟರಿಂದ ಕೇಳುತ್ತಾರೆ, ‘ಅಜ್ ಮೊಅಲ್ಲೆಮ್’. ಹೋಲಿಕೆಯ ‘ಗಿಂತ’ಕ್ಕೂ ಅದೇ ಪದ: ‘ಎಸ್ಫಹಾನ್ ಅಜ್ ಶೀರಾಜ್ ಬೊಜೊರ್ಗ್‌ತರ್ ಅಸ್ತ್’, ಇಸ್ಫಹಾನ್ ಶಿರಾಜ್‌ಗಿಂತ ದೊಡ್ಡದು. ಆದ್ದರಿಂದ ‘ತರ್ಸೀದನ್ ಎಂದರೆ ಹೆದರು’ ಎಂದು ಬರೆದಿಟ್ಟುಕೊಂಡರೆ ಸಾಲದು, ‘ಅಜ್… ತರ್ಸೀದನ್’ ಎಂದೇ ಬರೆದಿಟ್ಟುಕೊಳ್ಳಿ. ನಿಘಂಟು ಕೊಡುವ ಒಂಟಿ ಅರ್ಥವನ್ನು ನಂಬಿ ನಾನೂ ಮೊದಲ ವರ್ಷವಿಡೀ ತಪ್ಪು ವಾಕ್ಯಗಳನ್ನೇ ಬರೆದೆ.

ನಮಗೆ ಸಲೀಸಾದ ಗುಂಪೂ ಒಂದಿದೆ. ‘ಪೊಶ್ತ್’ ಎಂದರೆ ಬೆನ್ನು, ‘ಪೊಶ್ತೆ ದರ್’ ಎಂದರೆ ಬಾಗಿಲ ಹಿಂದೆ. ‘ರೂ’ ಎಂದರೆ ಮುಖ, ‘ರೂಯೆ ಮೀಜ್’ ಎಂದರೆ ಮೇಜಿನ ಮೇಲೆ. ‘ಪಹ್ಲೂ’ ಎಂದರೆ ಪಕ್ಕೆ, ‘ಪಹ್ಲೂಯೆ ಮನ್’ ಎಂದರೆ ನನ್ನ ಪಕ್ಕದಲ್ಲಿ. ಮೈಯ ಅಂಗಗಳೇ ದಿಕ್ಕುಗಳಾಗಿವೆ, ನಮ್ಮ ‘ಮಗ್ಗುಲು’ ಆದ ಹಾಗೆ. ನಡುವಿನ ‘ಎ’ ಸ್ವರ ನಮ್ಮ ಷಷ್ಠಿಯ ‘ಇನ’ದ ಕೆಲಸ ಮಾಡುತ್ತದೆ. ಬರವಣಿಗೆಯಲ್ಲಿ ಅದು ಹೆಚ್ಚಾಗಿ ಕಾಣಿಸುವುದಿಲ್ಲ, ಓದುವಾಗ ನೀವೇ ಸೇರಿಸಿಕೊಳ್ಳಬೇಕು. ‘ಅಜ್’, ‘ಬೆ’, ‘ಬಾ’, ‘ದರ್’ (ಇದು ಬಾಗಿಲಲ್ಲ, ‘ಒಳಗೆ’ ಎಂಬ ಅರ್ಥದ ಪದ), ‘ತಾ’ (‘ವರೆಗೆ’) ಇವಕ್ಕೆ ಮಾತ್ರ ಆ ಸ್ವರವನ್ನು ಹಚ್ಚಬೇಡಿ.

ಇಷ್ಟು ಕಲಿತು ಇರಾನಿಯರೊಡನೆ ಮಾತಿಗಿಳಿದಾಗ ‘ಮೀರಮ್ ಬಾಜಾರ್’ ಎಂಬುದು ಕಿವಿಗೆ ಬಿದ್ದೀತು. ಪುಸ್ತಕದ ‘ಬೆ’ ಎಲ್ಲಿ ಹೋಯಿತೆಂದು ಹುಡುಕಬೇಡಿ. ಆಡುಮಾತಿನಲ್ಲಿ ಹೋಗುವ ಜಾಗಕ್ಕೆ ಅದನ್ನು ಬಿಟ್ಟುಬಿಡುತ್ತಾರೆ, ‘ಮಾರ್ಕೆಟ್ ಹೋಗ್ತೀನಿ’ ಎನ್ನುವಾಗ ನಾವು ‘ಗೆ’ ಬಿಟ್ಟ ಹಾಗೆ.