ಅತ್ತೆಗೆ ಗೊತ್ತಾಗದ ಹಾಗೆ ಹೊಟ್ಟೆಯ ಆಪರೇಷನ್ ಆಗುತ್ತಾ?

ಪ್ರಶ್ನೆ: ಮೇಡಂ, ನನಗೆ 36 ವರ್ಷ. ಸೊಸೈಟಿಯಲ್ಲಿ ಕ್ಲರ್ಕ್. ಎತ್ತರ 157 ಸೆಂ.ಮೀ., ತೂಕ 104 ಕಿಲೊ. ನಾಲ್ಕು ವರ್ಷದಿಂದ ಶುಗರ್ ಇದೆ. ಎರಡು ಮಾತ್ರೆ ತಗೊಂಡರೂ ಮೂರು ತಿಂಗಳ ಸರಾಸರಿ 8.6 ಬಂದಿದೆ. ಎದೆಯುರಿಗೆ ಎರಡು ದಿಂಬು ಇಟ್ಟೇ ಮಲಗುತ್ತೇನೆ. ಗೊರಕೆ ಹೊಡೆಯುವಾಗ ನಡುವೆ ಉಸಿರೇ ನಿಲ್ಲುತ್ತದೆ ಅಂತ ನಮ್ಮನೆಯವರು ಹೆದರುತ್ತಾರೆ. ಅನ್ನ-ಮೀನುಸಾರು ಬಿಟ್ಟು ರೊಟ್ಟಿ ತಿಂದು, ದಿನಾ ಸಂಜೆ ನಡೆದು 9 ಕಿಲೊ ಇಳಿಸಿದ್ದೆ. ಆರೇ ತಿಂಗಳಲ್ಲಿ 11 ಕಿಲೊ ವಾಪಸ್ ಬಂತು. ಹುಬ್ಬಳ್ಳಿಯಲ್ಲಿ ತೋರಿಸಿದಾಗ ತೂಕ ಇಳಿಯಲು ‘ಸ್ಲೀವ್’ ಆಪರೇಷನ್ ಮಾಡಿಸಿ ಅಂದರು. ಮನೆಯವರು ಒಪ್ಪಿದ್ದಾರೆ. ಅತ್ತೆ ಮಾತ್ರ ‘ಬಾಯಿ ಕಟ್ಟಲಾಗದೆ ಹೊಟ್ಟೆ ಕೊಯ್ಸಿಕೊಂಡಳು’ ಅಂತ ಊರಿಗೆಲ್ಲ ಸಾರುತ್ತಾರೆ. ಫೆಬ್ರವರಿಯಲ್ಲಿ ನಾದಿನಿ ಮದುವೆ. ಅದರೊಳಗೆ, ಪಿತ್ತಕೋಶದ ಕಲ್ಲು ಅಂತ ಹೇಳಿ ಗುಟ್ಟಾಗಿ ಮಾಡಿಸಬಹುದಾ? ಎರಡನೇ ಮಗುವಿನ ಆಸೆಯೂ ಇದೆ.
– ಹೆಸರು ಬೇಡ, ಅಂಕೋಲಾ

ಉತ್ತರ: ಮೊದಲು ಆ ಪಿತ್ತಕೋಶದ ಕಲ್ಲಿನ ವಿಷಯ. ನನ್ನ ತಂಗಿಯೂ ಇದೇ ಸುಳ್ಳು ಹೇಳಿದ್ದಳು. ಸಿರ್ಸಿ ಕಡೆ ತೋಟದ ಮನೆಗೆ ಕೊಟ್ಟ ಹುಡುಗಿ. ಆಪರೇಷನ್ ಆಗಿ 24ನೇ ದಿನಕ್ಕೆ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಪಂಕ್ತಿಯಲ್ಲಿ ಕೂತವಳಿಗೆ ಓರಗಿತ್ತಿ ‘ಒಂದೇ ಒಂದು, ನನ್ನಾಣೆ’ ಅಂತ ಹೋಳಿಗೆ ಹಾಕಿದಳು. ಇವಳು ಅರ್ಧ ತಿಂದಳು. ಐದೇ ನಿಮಿಷಕ್ಕೆ ಕೊಟ್ಟಿಗೆಯ ಹಿಂದೆ ಅಡಿಕೆ ಮರ ಹಿಡಿದುಕೊಂಡು ನೊರೆ ನೊರೆ ವಾಂತಿ. ನನಗೆ ಫೋನ್ ಬಂತು: ‘ಅಕ್ಕಾ, ಹೋಳಿಗೆ ತಿಂದೆ, ಹೊಲಿಗೆ ಬಿಚ್ಚಿತಾ?’ ಪುಣ್ಯಕ್ಕೆ ಹಾಗೇನೂ ಆಗಿರಲಿಲ್ಲ. ಎರಡು ದಿನ ಡ್ರಿಪ್ ಹಾಕಿಸಿಕೊಂಡು ಮನೆಗೆ ಬಂದಳು. ಕುಮಟಾದಲ್ಲಿ 22 ವರ್ಷದಿಂದ ಕ್ಲಿನಿಕ್ ಇಟ್ಟುಕೊಂಡ ನಾನೇ ಆ ಸುಳ್ಳಿಗೆ ತಲೆಯಾಡಿಸಿದ್ದೆ ಅನ್ನೋದು ಬೇರೆ ಮಾತು.

ನಾಲ್ಕೈದು ಸಣ್ಣ ತೂತಿನಲ್ಲಿ ಆಗುವ ಆಪರೇಷನ್ ಇದು, ಗಾಯ ಮುಚ್ಚಿಡಬಹುದು. ಊಟ ಮುಚ್ಚಿಡಲಿಕ್ಕಾಗುವುದಿಲ್ಲ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕತ್ತರಿಸಿ ತೆಗೆಯುತ್ತಾರೆ. ಬಾಳೆಹಣ್ಣಿನಂಥ ಒಂದು ಕೊಳವೆ ಉಳಿಯುತ್ತದೆ. ತೆಗೆದದ್ದನ್ನು ಮತ್ತೆ ಜೋಡಿಸಲು ಬರುವುದಿಲ್ಲ. ಮೊದಲ ಎರಡು ವಾರ ಗಂಜಿತಿಳಿ, ನೀರುಮಜ್ಜಿಗೆ, ಸೋಸಿದ ಸಾರು. ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತನೆಯದು. ಮಾಮೂಲಿ ಊಟಕ್ಕೆ ಬರಲು ಸುಮಾರು ಎರಡು ತಿಂಗಳು. ಆಗಲೂ ಸಣ್ಣ ಬಟ್ಟಲಿನಷ್ಟೇ, ಅದೂ ನಿಧಾನವಾಗಿ ಅಗಿದು. ಊಟದ ಜೊತೆ ನೀರು ಕುಡಿಯುವಂತಿಲ್ಲ, ಅರ್ಧ ಗಂಟೆ ಬಿಡಬೇಕು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ ಮಾತ್ರೆ ಜೀವನಪೂರ್ತಿ. ಬಡಿಸುವ ಕೈ ಅತ್ತೆಯದಾದರೆ ಇದೆಲ್ಲ ಎಷ್ಟು ದಿನ ಗುಟ್ಟಾಗಿರುತ್ತದೆ, ನೀವೇ ಹೇಳಿ.

ದಿನಕ್ಕೆ ಕಡಿಮೆಯೆಂದರೂ 60 ಗ್ರಾಂ ಪ್ರೋಟೀನ್ ಬೇಕು. ನಮ್ಮದು ತಂಬುಳಿ-ಅನ್ನದ ಮನೆ, ತಂಗಿಗೆ ಅದನ್ನು ಹೊಂದಿಸಲು ಒದ್ದಾಡಿದೆವು. ನಿಮ್ಮಲ್ಲಿ ಮೀನು ನಡೆಯುತ್ತದೆ, ಅರ್ಧ ಗೆದ್ದಿರಿ. ಆದರೆ ಮೊದಲು ಬಂಗಡೆ, ಆಮೇಲೆ ಎರಡು ತುತ್ತು ಅನ್ನ. ಈಗಿನ ಲೆಕ್ಕ ಪೂರ್ತಿ ತಿರುಗಾ ಮುರುಗಾ.

ಹಾಗಾದರೆ ಆಪರೇಷನ್ ಬೇಡವಾ? ಬೇಕು ಅಂತಲೇ ನನ್ನ ಅಭಿಪ್ರಾಯ. ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನುವ ಅಳತೆ, 42. ಜೊತೆಗೆ ಹಿಡಿತಕ್ಕೆ ಬಾರದ ಶುಗರ್ ಇದೆ. ಶುಗರ್ ಇದ್ದವರಿಗೆ ಇದಕ್ಕಿಂತ ಎಷ್ಟೋ ಕಡಿಮೆ ಬಿಎಂಐಗೇ ಡಾಕ್ಟರುಗಳು ಆಪರೇಷನ್ ಮಾತು ಎತ್ತುತ್ತಾರೆ. ವಿಮೆಯವರು ಸಾಮಾನ್ಯವಾಗಿ ಕೇಳುವ 40ನ್ನೂ ನೀವು ದಾಟಿದ್ದೀರಿ. ಪಾಲಿಸಿ ಇದ್ದರೆ, ಎಷ್ಟು ವರ್ಷ ಕಾಯಬೇಕು ಅಂತಿದೆ ನೋಡಿಕೊಳ್ಳಿ. ಇನ್ನು ಬಾಯಿ ಕಟ್ಟಲಾಗದವರು 9 ಕಿಲೊ ಇಳಿಸುವುದಿಲ್ಲ. ತೂಕ ಇಳಿದಾಗ ಮೈ ಸುಮ್ನಿರುವುದಿಲ್ಲ, ಹಸಿವೆಯ ಹಾರ್ಮೋನು ಏರಿಸಿ ಹಳೇ ತೂಕಕ್ಕೆ ಎಳೆಯುತ್ತದೆ. ಆ ಹಾರ್ಮೋನು ಹೆಚ್ಚಾಗಿ ತಯಾರಾಗುವ ಭಾಗವೇ ಸ್ಲೀವ್‌ನಲ್ಲಿ ಹೋಗುತ್ತದೆ. ಅತ್ತೆ ಕೇಳಿದರೆ ಇದನ್ನು ಹೇಳಿ.

ನನಗೆ ತಕರಾರಿರುವುದು ‘ಸ್ಲೀವ್’ ಬಗ್ಗೆ. ಎರಡು ದಿಂಬಿನ ಎದೆಯುರಿ ಇದ್ದವರಿಗೆ ಸ್ಲೀವ್ ಮಾಡಿದರೆ ಉರಿ ಇನ್ನೂ ಹೆಚ್ಚಬಹುದು. ಈ ಮಾತು ಅಲ್ಲಿ ಬಂತಾ? ಬರದಿದ್ದರೆ ನೀವೇ ಎತ್ತಿ. ಎಂಡೋಸ್ಕೋಪಿ ಮಾಡಿಸಿ, ನನಗೆ ಬೈಪಾಸ್ ಸರಿಯಾ ಅಂತ ನೇರವಾಗಿ ಕೇಳಿ. ಇದು ಹೃದಯದ ಬೈಪಾಸ್ ಅಲ್ಲ, ಜಠರವನ್ನು ಪುಟ್ಟ ಚೀಲ ಮಾಡಿ ನೇರವಾಗಿ ಸಣ್ಣ ಕರುಳಿಗೆ ಜೋಡಿಸುವ ಆಪರೇಷನ್. ಸರಿಯಾದ ಉತ್ತರ ಸಿಗದಿದ್ದರೆ ಮಣಿಪಾಲಕ್ಕೋ ಮಂಗಳೂರಿಗೋ ಹೋಗಿ ಇನ್ನೊಬ್ಬರಿಗೆ ತೋರಿಸಿ, ಅದರಲ್ಲಿ ಸಂಕೋಚ ಬೇಡ. ನಿದ್ದೆಯಲ್ಲಿ ಉಸಿರು ನಿಲ್ಲುವುದನ್ನು ಅರಿವಳಿಕೆ ಕೊಡುವ ಮೊದಲೇ ಪರೀಕ್ಷೆ ಮಾಡಿಸಬೇಕು.

ತೂಕ ಇಳಿಸುವ, ವಾರಕ್ಕೊಂದು ಚುಚ್ಚುಮದ್ದು ಈಗ ನಮ್ಮಲ್ಲೂ ಸಿಗುತ್ತದೆ, ಅದನ್ನೂ ಕೇಳಿನೋಡಿ. ನಿಲ್ಲಿಸಿದರೆ ತೂಕ ಮರಳುವುದೇ ಜಾಸ್ತಿ. ಮಗು ಬೇಕೆಂದರೆ ನಿಲ್ಲಿಸಲೇಬೇಕು. ಆಪರೇಷನ್ ಆದರೂ 12ರಿಂದ 18 ತಿಂಗಳು ಗರ್ಭ ನಿಲ್ಲಬಾರದು. 36 ವರ್ಷದ ನಿಮಗೆ ಈ ಲೆಕ್ಕ ಮುಖ್ಯ. ಗಂಡ-ಹೆಂಡತಿ ಕ್ಯಾಲೆಂಡರ್ ಎದುರು ಕೂತು ಮಾತಾಡಿಕೊಳ್ಳಿ.

ಮದುವೆಯೊಳಗೆ ಮಾತ್ರ ಬೇಡ. ಹಸಿ ಹೊಟ್ಟೆ ಇಟ್ಟುಕೊಂಡು ಮದುವೆ ಮನೆಯಲ್ಲಿ ಓಡಾಡುವುದಾ? ಮಳೆಗಾಲವೂ ಬೇಡ. ಒಳಗೆ ಸೋರಿಕೆ, ರಕ್ತ ಹೆಪ್ಪುಗಟ್ಟುವುದು ಅಪರೂಪವಾದರೂ ಆಗುತ್ತದೆ. ಜ್ವರ, ಜೋರು ಎದೆಬಡಿತ, ಹೊಟ್ಟೆನೋವು ಬಂದರೆ ಅದೇ ರಾತ್ರಿ ಓಡಬೇಕು. ಅರಬೈಲ್ ಘಟ್ಟದಲ್ಲಿ ಮಣ್ಣು ಕುಸಿದ ದಿನ ಹುಬ್ಬಳ್ಳಿಗೆ ಹೇಗೆ ಹೋಗುತ್ತೀರಿ? ಆಪರೇಷನ್ ಆದಮೇಲೆ ಎರಡು ವಾರ ಅಲ್ಲೇ ನೆಂಟರ ಮನೆಯಲ್ಲಿ ಉಳಿಯುವ ಏರ್ಪಾಡು ಮಾಡಿಕೊಳ್ಳಿ.

ಆಹಾರ ತಜ್ಞರ ಹತ್ತಿರ ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋಗಿ. ನನ್ನ ತಂಗಿಯ ಅತ್ತೆ ಇವತ್ತಿಗೂ ಆಪರೇಷನ್ ಒಪ್ಪಿಲ್ಲ. ಆದರೆ ಪಂಕ್ತಿಯಲ್ಲಿ ಯಾರಾದರೂ ಒತ್ತಾಯ ಮಾಡಿದರೆ ‘ಅವಳಿಗೆ ಬಡಿಸಡಿ’ ಅಂತ ಗದರುವವರು ಅವರೇ.

ಈ ಮೂರು ತಿಂಗಳಲ್ಲಿ ಪರೀಕ್ಷೆಗಳನ್ನು ಮುಗಿಸಿ. ಫೆಬ್ರವರಿಯಲ್ಲಿ ನಾದಿನಿ ಮದುವೆಯ ಹೋಳಿಗೆ ತಿನ್ನಿ, ಒಂದೇ. ಮಾರ್ಚ್-ಏಪ್ರಿಲ್‌ನಲ್ಲಿ ಡೇಟ್ ತಗೊಳ್ಳಿ.